ಹುರಿದ ಡ್ಯಾಂಡೆಲಿಯನ್ ಬೇರಿನ ಕಷಾಯ: ಲೋಟದಲ್ಲಿ ಕಂಡ ದೋಷದ ಮೂಲವನ್ನು ಹುಡುಕುವ ಕ್ರಮ

ಹಳದಿ ಹೂ ಬಿಡುವ ಸಣ್ಣ ಗಿಡವಾದ ಡ್ಯಾಂಡೆಲಿಯನ್ನಿನ ಬೇರನ್ನು ಹುರಿದು ಕುದಿಸಿದ ಕಷಾಯ ಹದವಾಗಿ ಬಂದಾಗ ಕಡುಗಂದು ಬಣ್ಣದ್ದಾಗಿರುತ್ತದೆ. ಅದರ ವಾಸನೆ ಹುರಿದ ಚಿಕೋರಿಗೆ ಹತ್ತಿರ. ಅದರ ಕಹಿ ನಾಲಿಗೆಯ ಮೇಲೆ ಕೂರದೆ ಇಳಿದುಹೋಗಿ, ಹಿಂದೆ ಸಣ್ಣದೊಂದು ಸಿಹಿಯನ್ನು ಬಿಡುತ್ತದೆ. ಹದ ತಪ್ಪಿದಾಗ ಇದೇ ಕಷಾಯ ಹುಳಿಯಾಗಿಯೋ, ಮುಗ್ಗಲಾಗಿಯೋ, ಸೀದ ಕಹಿಯಾಗಿಯೋ, ಬಣ್ಣವಿದ್ದೂ ರುಚಿಯಿಲ್ಲದ ನೀರಾಗಿಯೋ ಲೋಟಕ್ಕೆ ಬರುತ್ತದೆ. ಮನೆಯಲ್ಲೇ ಕಾಫಿ ಹುರಿದು ಅಭ್ಯಾಸವಿರುವ ಕೊಡಗಿನವರು ಇಂಥ ಸಂದರ್ಭದಲ್ಲಿ ಮೊದಲು ಸಂಶಯಪಡುವುದು ಹುರಿತವನ್ನು. ನನ್ನ ತಿಳಿವಳಿಕೆಯಲ್ಲಿ ಅದು ಸರಿಯಾದ ಆರಂಭವಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದ ಮಳೆ, ಮಳೆ ನಿಂತ ಮೇಲೆ ಬೆಳಗಿನ ಮಂಜು ಇರುವ ಈ ಜಿಲ್ಲೆಯಲ್ಲಿ ಬೇರಿನ ಹಣೆಬರಹ ಬಾಣಲೆಗೆ ಬೀಳುವ ಮೊದಲೇ, ಒಣಗುವಾಗಲೇ, ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ. ಆದುದರಿಂದ ಲೋಟದಿಂದ ಹಿಂದಕ್ಕೆ ಹೋಗುತ್ತ, ದೋಷ ಯಾವ ಹಂತದಲ್ಲಿ ಹುಟ್ಟಿತು ಎಂಬುದನ್ನು ಗುರುತಿಸಿಕೊಂಡು, ಆಮೇಲೆ ಪರಿಹಾರಕ್ಕೆ ಕೈಹಾಕುವುದು ಒಳ್ಳೆಯದು.

ದೋಷ ಯಾವ ಹಂತದ್ದು?

ಮೊದಲ ಕೆಲಸ ಒಂದೇ ಅಳತೆಯ ಪರೀಕ್ಷಾ ಕಷಾಯವನ್ನು ಮಾಡುವುದು. 200 ಮಿಲಿಲೀಟರ್ ನೀರಿಗೆ 5 ಗ್ರಾಂ ಪುಡಿ, ಅಂದರೆ ಸುಮಾರು ಎರಡು ಟೀ ಚಮಚದಷ್ಟು, ಹಾಕಿ, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಬೇಕು. ಹಾಲು, ಬೆಲ್ಲ, ಏಲಕ್ಕಿ ಯಾವುದನ್ನೂ ಸೇರಿಸಬಾರದು. ಏಲಕ್ಕಿಯೂ ಕರಿಮೆಣಸೂ ಕೈಗೆಟಕುವಷ್ಟು ಹತ್ತಿರವಿರುವ ನಮ್ಮ ಊರುಗಳಲ್ಲಿ ಕೆಟ್ಟ ರುಚಿಯನ್ನು ಮಸಾಲೆಯಿಂದ ಮುಚ್ಚುವುದು ಸುಲಭ. ಆದರೆ ಮುಚ್ಚಿದ ದೋಷ ಮುಂದಿನ ಸಲವೂ ಹಾಗೆಯೇ ಉಳಿಯುತ್ತದೆ.

ಈ ಕಷಾಯದ ಜೊತೆಗೆ ಮೂರು ವಸ್ತುಗಳನ್ನು ಒಂದು ತಟ್ಟೆಯಲ್ಲಿ ಇಟ್ಟುಕೊಳ್ಳಬೇಕು: ಹುರಿಯದೆ ಉಳಿಸಿದ ಒಣ ಬೇರಿನ ಚೂರು, ಹುರಿದು ಪುಡಿ ಮಾಡದೆ ಉಳಿಸಿದ ಚೂರು, ಮತ್ತು ಪುಡಿ. ಇದಕ್ಕಾಗಿಯೇ ಪ್ರತಿ ಸಲ ಬೇರು ಒಣಗಿಸಿದಾಗ ಒಂದು ಹಿಡಿಯಷ್ಟನ್ನು ಹುರಿಯದೆ, ಇನ್ನೊಂದು ಹಿಡಿಯಷ್ಟನ್ನು ಪುಡಿ ಮಾಡದೆ ಬೇರೆ ಶೀಶೆಯಲ್ಲಿ ತೆಗೆದಿಡುವುದು ಅತ್ಯಗತ್ಯ. ಲೋಟದಲ್ಲಿ ಕಂಡ ಕೆಟ್ಟ ವಾಸನೆ ಹುರಿಯದ ಚೂರಿನಲ್ಲೇ ಇದ್ದರೆ ಹುರಿತ ನಿರ್ದೋಷಿ. ಕಾರಣವನ್ನು ಒಣಗಿಸುವುದರಲ್ಲಿ ಅಥವಾ ಬೇರಿನಲ್ಲೇ ಹುಡುಕಬೇಕು. ಹುರಿಯದ ಚೂರು ಚೆನ್ನಾಗಿದ್ದು ಹುರಿದ ಚೂರು ಕೆಟ್ಟಿದ್ದರೆ ಕಾರಣ ಬಾಣಲೆಯದು. ಎರಡೂ ಚೆನ್ನಾಗಿದ್ದು ಪುಡಿ ಮಾತ್ರ ಕೆಟ್ಟಿದ್ದರೆ ಸಂಗ್ರಹದ್ದು. ಮೂರೂ ಚೆನ್ನಾಗಿದ್ದು ಕಷಾಯ ಮಾತ್ರ ಕೆಟ್ಟಿದ್ದರೆ ನೀರು, ಪಾತ್ರೆ ಅಥವಾ ಕುದಿಸಿದ ಹೊತ್ತಿನದು. ಈ ಕೊನೆಯ ಸಂಶಯವನ್ನು ಖಚಿತಪಡಿಸಿಕೊಳ್ಳಲು ಕಾಫಿ ಪುಡಿ ಅಂಗಡಿಯಿಂದ ಸ್ವಲ್ಪ ಶುದ್ಧ ಚಿಕೋರಿ ಪುಡಿ ತಂದು, ಅದೇ ನೀರು, ಅದೇ ಪಾತ್ರೆಯಲ್ಲಿ ಕುದಿಸಿ ನೋಡಬಹುದು. ಚಿಕೋರಿ ಮತ್ತು ಡ್ಯಾಂಡೆಲಿಯನ್ ಎರಡೂ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಹತ್ತಿರದ ನೆಂಟರು, ಎರಡರ ಬೇರಿನಲ್ಲೂ ಇನುಲಿನ್ ಎಂಬ ಒಂದೇ ಬಗೆಯ ಶರ್ಕರ ತುಂಬಿರುತ್ತದೆ. ಚಿಕೋರಿಯ ಕಷಾಯಕ್ಕೂ ಲೋಹದ ರುಚಿ ಬಂದು ಬಣ್ಣ ಹಸಿರುಗಪ್ಪಾದರೆ ನೀರಿನಲ್ಲೋ ಪಾತ್ರೆಯಲ್ಲೋ ಕಬ್ಬಿಣದ ಅಂಶವಿದೆ ಎಂದು ತಿಳಿಯಬೇಕು. ಹುರಿಯಲು ಕಬ್ಬಿಣದ ಬಾಣಲೆ ಉತ್ತಮ, ಕುದಿಸಲು ಸಲ್ಲದು.

ಪರಿಹಾರದ ಹಂತದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಉರಿಯನ್ನೂ ಚೂರಿನ ಗಾತ್ರವನ್ನೂ ಕುದಿಸುವ ಹೊತ್ತನ್ನೂ ಒಟ್ಟಿಗೆ ಬದಲಾಯಿಸಿದರೆ ರುಚಿ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತು ಎಂಬುದು ತಿಳಿಯುವುದಿಲ್ಲ.

ಬೇರು ಆ ಗಿಡದ್ದೇ ಹೌದೇ?

ಇದು ರುಚಿಗಿಂತ ದೊಡ್ಡ ಪ್ರಶ್ನೆ, ಆದುದರಿಂದ ಬೇರೆಲ್ಲದಕ್ಕೂ ಮುಂಚೆ ಇತ್ಯರ್ಥವಾಗಬೇಕು. ಡ್ಯಾಂಡೆಲಿಯನ್ ತಂಪು ನಾಡುಗಳ ಗಿಡ. ಇಲ್ಲಿ ಅದನ್ನು ಬೀಜ ಹಾಕಿ ಏರುಮಡಿಯಲ್ಲಿ ಬೆಳೆಸಿಕೊಳ್ಳುವುದು, ಇಲ್ಲವೇ ಒಣ ಬೇರನ್ನು ಅಂಗಡಿಯಿಂದ ತರುವುದು ಕ್ಷೇಮ. ತೋಟದ ಅಂಚಿನಲ್ಲಿ ಹಳದಿ ಹೂ ಬಿಟ್ಟು, ಕಿತ್ತರೆ ಹಾಲು ಸುರಿಸುವ ಕಳೆಗಳು ಅನೇಕ ಇವೆ. ಹೂವು ಮತ್ತು ಹಾಲು ಎರಡನ್ನೇ ನಂಬಿ ಬೇರು ಅಗೆಯಬಾರದು. ನಿಜವಾದ ಡ್ಯಾಂಡೆಲಿಯನ್ನಿನ ಎಲೆಗಳೆಲ್ಲವೂ ನೆಲಕ್ಕೆ ಅಂಟಿಕೊಂಡಂತೆ ಬುಡದಿಂದಲೇ ಸುತ್ತಲೂ ಹರಡಿರುತ್ತವೆ. ಹೂವಿನ ದಂಟು ಒಳಗೆ ಟೊಳ್ಳು. ಅದರ ಮೇಲೆ ಎಲೆ ಇರುವುದಿಲ್ಲ, ಕವಲು ಒಡೆಯುವುದಿಲ್ಲ, ತುದಿಯಲ್ಲಿ ಒಂದೇ ಹೂ. ದಂಟು ಕವಲಾಗಿ ಹಲವು ಹೂ ಬಿಟ್ಟಿದ್ದರೆ, ಅಥವಾ ದಂಟಿನ ಮೇಲೆ ಎಲೆ ಇದ್ದರೆ ಅದು ಬೇರೆ ಗಿಡ. ನಮ್ಮ ಕಡೆ ಕಳೆಯಾಗಿ ಬೆಳೆಯುವ, ನೇರಳೆಗೆಂಪು ಹೂವಿನ ಎಮಿಲಿಯಾ ಸೋಂಕಿಫೋಲಿಯಾ ಹೂ ಬಿಡದಿರುವಾಗ ಎಲೆಯಿಂದ ಮೋಸ ಮಾಡಬಹುದು. ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡುಗಳಿವೆ. ಹುರಿಯುವುದರಿಂದ ಅದು ಸುರಕ್ಷಿತವಾಗುತ್ತದೆ ಎಂದು ಭಾವಿಸಬಾರದು. ಹೂ ನೋಡದೆ ಗಿಡವನ್ನು ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಿಂದ ತಂದ ಒಣ ಬೇರಾಗಿದ್ದರೆ ಹೂವಿನ ಸಾಕ್ಷಿ ಸಿಗುವುದಿಲ್ಲ, ಆದರೆ ಮುರಿದ ಜಾಗ ಸಾಕ್ಷಿ ಹೇಳುತ್ತದೆ. ದಪ್ಪ ಚೂರೊಂದನ್ನು ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿದರೆ ನಡುವೆ ಹಳದಿ ಬಣ್ಣದ, ಸಣ್ಣ ರಂಧ್ರಗಳ ತಿರುಳು ಕಾಣುತ್ತದೆ. ಅದನ್ನು ಸುತ್ತುವರಿದ ಬಿಳಿಚು ತೊಗಟೆಯಲ್ಲಿ ಒಂದರ ಹೊರಗೊಂದರಂತೆ ಕಂದು ಉಂಗುರಗಳಿರುತ್ತವೆ. ಗಿಡದ ಹಾಲು ಹರಿಯುವ ನಾಳಗಳು ಹೀಗೆ ವೃತ್ತಾಕಾರವಾಗಿ ಜೋಡಣೆಯಾಗಿರುವುದು ಡ್ಯಾಂಡೆಲಿಯನ್ ಬೇರಿನ ಗುರುತು. ಚಿಕೋರಿಯ ಬೇರಿನಲ್ಲಿ ಈ ಗೆರೆಗಳು ನಡುವಿನಿಂದ ಹೊರಕ್ಕೆ ಚಾಚಿರುತ್ತವೆ. ಕಲಬೆರಕೆಯ ಸಂಶಯವಿದ್ದಾಗ ಸಾಧಾರಣ ಭೂತಗನ್ನಡಿಯಲ್ಲೇ ಈ ವ್ಯತ್ಯಾಸ ಕಾಣಸಿಗುತ್ತದೆ.

ಗಿಡ ಸರಿಯಾಗಿದ್ದು ಜಾಗ ತಪ್ಪಾಗಿರುವುದೂ ಉಂಟು. ಕಳೆನಾಶಕವಾದ ಗ್ಲೈಫೊಸೇಟ್ ಎಲೆಯ ಮೇಲೆ ಬಿದ್ದರೂ ಗಿಡದೊಳಗೆ ಇಳಿದು ಬೇರಿನಲ್ಲಿ ಸೇರುವಂಥದ್ದು. ಕಾಫಿಗೂ ಮೆಣಸಿನ ಬಳ್ಳಿಗೂ ವರ್ಷ ವರ್ಷ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಇಂಥ ಕಡೆ ಬೆಳೆದ ಬೇರಿನ ದೋಷ ನಾಲಿಗೆಗೆ ತಿಳಿಯುವುದೇ ಇಲ್ಲ ಎಂಬುದೇ ಅದರ ಅಪಾಯ. ಔಷಧಿ ಹೊಡೆಯುವ ತೋಟದಿಂದಲೂ ರಸ್ತೆಯ ಬದಿಯಿಂದಲೂ ದೂರವಾಗಿ, ಮನೆಯ ಹಿತ್ತಿಲಿನಲ್ಲಿ ಮಡಿ ಮಾಡಿಕೊಳ್ಳಬೇಕು. ಮಳೆಗಾಲದಲ್ಲಿ ನೀರು ನಿಲ್ಲುವ ಮಡಿಯಲ್ಲಿ ಬೇರಿನ ತಲೆ ಕೊಳೆಯುತ್ತದೆ. ಕತ್ತರಿಸಿದಾಗ ನಡುಭಾಗ ಕಂದಾಗಿ ಮೆತ್ತಗಿದ್ದು ಕೆಟ್ಟ ವಾಸನೆ ಬಂದರೆ ಆ ಬೇರನ್ನು ಗೊಬ್ಬರದ ಗುಂಡಿಗೆ ಹಾಕಬೇಕು, ಕೊಳೆತ ಭಾಗವನ್ನು ಕೆತ್ತಿ ಉಳಿದದ್ದನ್ನು ಬಳಸುವ ಆಸೆ ಬೇಡ.

ಹುಳಿ, ಮುಗ್ಗಲು, ಹೊಗೆ

ಕಷಾಯ ಹುಳಿಯಾಗಿದ್ದರೆ ಬೇರು ಒಣಗುವ ಮೊದಲೇ ಹುದುಗಿದೆ. ಹಸಿ ಬೇರಿನ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು, ಉಳಿದುದರಲ್ಲಿ ದೊಡ್ಡ ಪಾಲು ಸೂಕ್ಷ್ಮಜೀವಿಗಳಿಗೆ ಪ್ರಿಯವಾದ ಶರ್ಕರ. ಕತ್ತರಿಸಿದ ಚೂರುಗಳನ್ನು ರಾಶಿ ಹಾಕಿ ಒಂದು ರಾತ್ರಿ ಬಿಟ್ಟರೆ ಸಾಕು, ಹುದುಗು ಆರಂಭವಾಗುತ್ತದೆ. ಹುಳಿ ಒಮ್ಮೆ ಹಿಡಿದರೆ ಅದನ್ನು ತೆಗೆಯುವ ಹುರಿತ ಯಾವುದೂ ಇಲ್ಲ. ಹಣ್ಣು ಕಾಫಿಯನ್ನು ರಾಶಿಯಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಲ್ಲ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೇರನ್ನೂ ಕಣದಲ್ಲಿ ತೆಳುವಾಗಿ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ, ಸಂಜೆ ಮಂಜು ಇಳಿಯುವ ಮುಂಚೆ ಒಳಗೆ ತರಬೇಕು. ಬೆಳಿಗ್ಗೆ ಅಂಗಳದ ಇಬ್ಬನಿ ಆರುವ ತನಕ ಮತ್ತೆ ಹೊರಗೆ ಹಾಕಬಾರದು. ಹಗಲು ಕಳೆದುಕೊಂಡ ನೀರನ್ನು ರಾತ್ರಿ ಮರಳಿ ಪಡೆಯುವ ಬೇರು ವಾರ ಕಳೆದರೂ ಒಣಗುವುದಿಲ್ಲ, ಆ ವಾರದಲ್ಲಿ ಬೂಷ್ಟು ಬಾರದೆ ಇರುವುದೂ ಇಲ್ಲ.

ಒಣಗಿತೇ ಇಲ್ಲವೇ ಎಂಬುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಚೂರನ್ನು ಮುರಿದಾಗ ‘ಟಕ್’ ಎಂಬ ಸದ್ದು ಬಂದರೆ ಒಣಗಿದೆ ಎಂಬ ಪರೀಕ್ಷೆ ಅರ್ಧ ಮಾತ್ರ ಸರಿ. ಬಿಸಿಲು ಚುರುಕಾಗಿದ್ದಾಗ ಅಥವಾ ಓವನ್ನಿನ ಶಾಖ ಹೆಚ್ಚಾದಾಗ ಹೊರಪದರ ಬೇಗ ಒಣಗಿ ಗಟ್ಟಿಯಾಗಿ, ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲದಂತೆ ಮಾಡುತ್ತದೆ. ಇಂಥ ಚೂರು ಸಂಜೆ ‘ಟಕ್’ ಎನ್ನುತ್ತದೆ. ಅದನ್ನೇ ಒಣಗಿದ ಗಾಜಿನ ಶೀಶೆಯಲ್ಲಿ ಹಾಕಿ, ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮತ್ತೆ ಮುರಿದು ನೋಡಬೇಕು. ಒಳಗಿನ ತೇವ ಅಷ್ಟರಲ್ಲಿ ಹೊರಪದರಕ್ಕೆ ಹರಡಿ, ನಿನ್ನೆ ಮುರಿದ ಚೂರು ಇಂದು ಚರ್ಮದ ಪಟ್ಟಿಯಂತೆ ಬಾಗಿದರೆ ಒಣಗಿಲ್ಲ ಎಂದೇ ಅರ್ಥ. ಇಂದೂ ಸದ್ದಿನೊಂದಿಗೆ ಮುರಿದು, ಶೀಶೆಯ ಒಳಮೈಯಲ್ಲಿ ಮಬ್ಬು ಕಾಣದಿದ್ದರೆ ಒಣಗಿದೆ. ಅಡುಗೆಮನೆಯ ತಕ್ಕಡಿ ಇದ್ದವರು ಒಂದು ದಿನದ ಅಂತರದಲ್ಲಿ ಎರಡು ಸಲ ತೂಗಿ, ತೂಕ ಇಳಿಯುವುದು ನಿಂತಿದೆಯೇ ಎಂದೂ ನೋಡಬಹುದು. ಶೀಶೆಯ ಪರೀಕ್ಷೆಯನ್ನು ಬಿಟ್ಟು ಯಾರೂ ಹುರಿಯಲು ಕೂರಬಾರದು. ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ನಷ್ಟ ತಪ್ಪಿಸುವ ಇನ್ನೊಂದು ಕ್ರಮ ನನಗೆ ತಿಳಿಯದು.

ಬೇರು ಅಗೆಯುವ ಕಾಲವನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು. ಪುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ನಡೆಯುವ ಡಿಸೆಂಬರ್, ಜನವರಿ ತಿಂಗಳುಗಳ ಒಣ ಹವೆ ಒಣಗಿಸುವುದಕ್ಕೆ ಹೇಳಿ ಮಾಡಿಸಿದ್ದು. ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬುವಂತೆಯೇ ಇಲ್ಲ. ಆ ತಿಂಗಳುಗಳಲ್ಲಿ ಒಣಗಿಸಲೇಬೇಕಾಗಿ ಬಂದರೆ 40ರಿಂದ 50 ಡಿಗ್ರಿ ಸೆಲ್ಸಿಯಸ್ ಶಾಖ ಕಾಯುವ ವಿದ್ಯುತ್ ಡ್ರೈಯರ್ ಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಅಲ್ಲಿ ಒಣಗಿದ ಬೇರು ಹೊಗೆಯನ್ನು ಕುಡಿದು, ಕಷಾಯಕ್ಕೆ ಹೊಗೆಯ ರುಚಿ ಕೊಡುತ್ತದೆ. ಅದನ್ನು ಹುರಿದದ್ದು ಹೆಚ್ಚಾಯಿತು ಎಂದು ತಪ್ಪು ತಿಳಿದು ಉರಿ ತಗ್ಗಿಸುವವರಿದ್ದಾರೆ. ಹುರಿಯದ ಚೂರನ್ನು ಮೂಸಿದರೆ ವಿಷಯ ತಿಳಿಯುತ್ತದೆ. ಅದರಲ್ಲೇ ಹೊಗೆಯಿದ್ದರೆ ದೋಷ ಅಟ್ಟದ್ದು.

ಮುಗ್ಗಲು ವಾಸನೆಯ ಬೇರನ್ನು, ಬಿಳಿಯೋ ಹಸಿರೋ ಬೂಷ್ಟು ಕಂಡ ಬೇರನ್ನು ಎಸೆಯಬೇಕು. ಬಿಸಿಲಿಗೆ ಹಾಕಿ, ಒರೆಸಿ, ಹೆಚ್ಚು ಹುರಿದು ಬಳಸಬಹುದು ಎಂಬ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬಾರದು. ತೇವದಲ್ಲಿ ಒಣಗಿದ ಕಾಫಿಯಲ್ಲಿ ಬೂಷ್ಟಿನಿಂದ ಆಕ್ರಟಾಕ್ಸಿನ್ ಎಂಬ ವಿಷ ಹುಟ್ಟಬಹುದು ಎಂಬುದು ಕಾಫಿ ವ್ಯವಹಾರದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಹುರಿದಾಗ ಅದು ಕಡಿಮೆಯಾಗಬಹುದೇ ಹೊರತು ಪೂರ್ತಿ ನಾಶವಾಗುವುದಿಲ್ಲ. ಬೇರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಚೂರುಗಳಲ್ಲಿ ಸೂಜಿಮೊನೆಯ ತೂತುಗಳಿದ್ದು ಶೀಶೆಯ ತಳದಲ್ಲಿ ನಯವಾದ ಧೂಳು ಸೇರಿದ್ದರೆ ಹುಳು ಬಿದ್ದಿದೆ, ಅದನ್ನೂ ಎಸೆಯಬೇಕು.

ಲೋಟದ ತಳದಲ್ಲಿ ಗಸಿ ನಿಂತರೆ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ನಯವಾಗಿದ್ದರೆ ಪುಡಿ, ಕರಕರ ಎಂದರೆ ಮಣ್ಣು. ಎಲೆ ಹುಟ್ಟುವ ತಲೆಯ ಭಾಗದ ಸಂದುಗಳಲ್ಲಿ ಮಣ್ಣು ಅಡಗಿರುತ್ತದೆ, ಆ ಭಾಗ ಹೆಚ್ಚು ಕಹಿಯೂ ಹೌದು. ಅದನ್ನು ಕತ್ತರಿಸಿ ಬಿಡುವುದು ಮೇಲು. ಬೇರನ್ನು ಇಡಿಯಾಗಿರುವಾಗಲೇ ಬ್ರಷ್‌ನಿಂದ ಉಜ್ಜಿ ತೊಳೆಯಬೇಕು. ಕತ್ತರಿಸಿದ ಮೇಲೆ ನೀರಿನಲ್ಲಿ ನೆನೆಸಿದರೆ ಮಣ್ಣಿನ ಜೊತೆಗೆ ರುಚಿಯೂ ಹೋಗುತ್ತದೆ.

ಕಹಿ ಎರಡು ಬಗೆ

ಕಹಿಯೇ ಹೆಚ್ಚು ಜನರ ದೂರು, ಆದರೆ ಹಸಿ ಕಹಿ ಬೇರೆ, ಸೀದ ಕಹಿ ಬೇರೆ, ಎರಡರ ಪರಿಹಾರ ಪರಸ್ಪರ ವಿರುದ್ಧ. ಹಸಿ ಕಹಿ ನಾಲಿಗೆಯ ಹಿಂಭಾಗದಲ್ಲಿ ಬಹಳ ಹೊತ್ತು ಉಳಿಯುತ್ತದೆ, ಜೊತೆಗೆ ಸೊಪ್ಪಿನ ವಾಸನೆ ಇರುತ್ತದೆ. ಕಷಾಯದ ಬಣ್ಣ ತೆಳು ಹಳದಿಗಂದು. ಸೀದ ಕಹಿ ಗಂಟಲನ್ನು ಒಣಗಿಸುತ್ತದೆ, ಇದ್ದಲಿನ ವಾಸನೆ ಹೊಡೆಯುತ್ತದೆ. ಬಣ್ಣ ಕಪ್ಪು, ಆದರೆ ಸಿಹಿ ಲವಲೇಶವೂ ಇಲ್ಲ. ಹುರಿದ ಚೂರನ್ನು ಮುರಿದು ನೋಡಿದರೆ ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಹೊರಗೆ ಕಂದು, ಒಳಗೆ ಇನ್ನೂ ಹಳದಿ ಇದ್ದರೆ ಹಸಿ. ಒಳಗೂ ಹೊರಗೂ ಹೊಳಪಿಲ್ಲದ ಕಪ್ಪಾಗಿದ್ದರೆ ಸೀದದ್ದು. ಒಂದೇ ಬಾಣಲೆಯಲ್ಲಿ ಎರಡೂ ಬಗೆಯ ಚೂರುಗಳು ಸಿಕ್ಕಿದರೆ ತಪ್ಪು ಉರಿಯದಲ್ಲ, ಕತ್ತರಿಸಿದ್ದರದು. ತೆಳು ಬೇರಿನ ತುದಿಗಳು ಸೀಯುವಾಗ ದಪ್ಪ ಚೂರಿನ ಒಡಲು ಬಿಸಿಯೇ ಆಗಿರುವುದಿಲ್ಲ. ಚೂರುಗಳನ್ನು 5 ಮಿಲಿಮೀಟರ್ ಆಸುಪಾಸಿನಲ್ಲಿ ಒಂದೇ ಗಾತ್ರಕ್ಕೆ ಕತ್ತರಿಸಿ, ಹುರಿಯುವ ಮುಂಚೆ ಜರಡಿ ಹಿಡಿದು, ಸಣ್ಣವನ್ನೂ ದೊಡ್ಡವನ್ನೂ ಬೇರೆ ಬೇರೆಯಾಗಿ ಹುರಿಯಬೇಕು.

ಹುರಿಯುವಾಗ ಬೇರಿನೊಳಗೆ ಏನಾಗುತ್ತದೆ ಎಂದು ತಿಳಿದಿದ್ದರೆ ಉರಿಯನ್ನು ನಡೆಸುವುದು ಸುಲಭ. ಇನುಲಿನ್ ಎಂಬುದು ಫ್ರಕ್ಟೋಸ್ ಸಕ್ಕರೆಯ ಕಣಗಳು ಸರಪಳಿಯಾಗಿ ಕೂಡಿದ ವಸ್ತು. ಶಾಖಕ್ಕೆ ಸರಪಳಿ ಕಳಚಿ ಸಕ್ಕರೆ ಹೊರಬರುತ್ತದೆ, ಆ ಸಕ್ಕರೆ ಮುಂದೆ ಕಂದಾಗಿ ಬಣ್ಣವನ್ನೂ ಪರಿಮಳವನ್ನೂ ಕೊಡುತ್ತದೆ, ಇನ್ನೂ ಮುಂದೆ ಹೋದರೆ ಇದ್ದಲಾಗುತ್ತದೆ. ಆದುದರಿಂದ ಮೊದಲು ಬಹಳ ಸಣ್ಣ ಉರಿಯಲ್ಲಿ, ಬಣ್ಣ ಬದಲಾಗದಂತೆ, ಉಳಿದ ತೇವವನ್ನು ಹೊರಡಿಸಿ, ಆಮೇಲೆ ಉರಿಯನ್ನು ತುಸು ಏರಿಸಿ ಬಣ್ಣ ಬರಿಸಬೇಕು. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಕೈ ಬಿಡದೆ ಕೆದಕುತ್ತಿದ್ದರೆ ವಾಸನೆಯೇ ದಾರಿ ತೋರಿಸುತ್ತದೆ. ಮೊದಲು ಒದ್ದೆ ಮಣ್ಣಿನ ವಾಸನೆ, ನಂತರ ಸುಟ್ಟ ಗೆಣಸಿನದು, ಅದರ ನಂತರ ಬೆಲ್ಲದ ಪಾಕದ್ದು. ಪಾಕದ ವಾಸನೆ ತುಂಬಿ ಬಂದು, ಮೂಗಿಗೆ ಚುರುಕು ಹೊಗೆ ತಗಲುವ ಮುಂಚಿನ ಸ್ವಲ್ಪ ಹೊತ್ತೇ ಇಳಿಸಬೇಕಾದ ಸಮಯ. ಬಾಣಲೆಯ ಶಾಖ ಒಲೆ ಆರಿಸಿದ ಮೇಲೂ ಹುರಿಯುತ್ತಲೇ ಇರುವುದರಿಂದ ಚೂರುಗಳನ್ನು ತಕ್ಷಣ ಮೊರಕ್ಕೆ ಸುರಿದು ಬೀಸಿ ಆರಿಸಬೇಕು. ಓವನ್ ಬಳಸುವವರು 150 ಡಿಗ್ರಿಯಲ್ಲಿ ಆರಂಭಿಸಿ, ಆಗಾಗ ತೆಗೆದು ಕೆದಕಿ, ಇದೇ ವಾಸನೆಯ ಕ್ರಮವನ್ನು ಅನುಸರಿಸಬಹುದು; ಗಡಿಯಾರವನ್ನಷ್ಟೇ ನಂಬುವುದು ಬೇಡ, ಏಕೆಂದರೆ ಚೂರಿನ ಗಾತ್ರ ಮತ್ತು ಉಳಿದ ತೇವ ಪ್ರತಿ ಸಲವೂ ಬೇರೆ.

ಕಾಫಿ ಹುರಿದು ಪಳಗಿದ ಕೈಗಳು ಇಲ್ಲಿ ಎರಡು ವಿಷಯಗಳಲ್ಲಿ ಜಾಗರೂಕವಾಗಿರಬೇಕು. ಕಾಫಿ ಬೀಜ ಹದಕ್ಕೆ ಬರುವಾಗ ಸಿಡಿಯುತ್ತದೆ. ಬೇರು ಹಾಗೆ ಸಿಡಿದು ಸೂಚನೆ ಕೊಡುವುದಿಲ್ಲ. ಆ ಸದ್ದಿಗೆ ಕಾಯುತ್ತ ಕುಳಿತರೆ ಬಾಣಲೆಯಲ್ಲಿ ಇದ್ದಲೇ ಉಳಿಯುತ್ತದೆ. ಎರಡನೆಯದಾಗಿ, ಸಕ್ಕರೆ ಬಿಟ್ಟುಕೊಂಡ ಬೇರು ಬಿಸಿಯಾಗಿರುವಾಗ ಮೆತ್ತಗಿರುತ್ತದೆ. ಬಾಣಲೆಯಿಂದ ಒಂದು ಚೂರು ತೆಗೆದು ಹಿಸುಕಿ, ಮೆತ್ತಗಿದೆ, ಇನ್ನೂ ಹುರಿಯಬೇಕು ಎಂದು ತೀರ್ಮಾನಿಸುವುದು ತಪ್ಪು. ಚೂರನ್ನು ತಣ್ಣನೆಯ ತಟ್ಟೆಯ ಮೇಲೆ ಇಟ್ಟು, ಪೂರ್ತಿ ಆರಿದ ಮೇಲೆ ಕಚ್ಚಿ ನೋಡಬೇಕು. ಆಗ ಅದು ಗರಿಗರಿಯಾಗಿ ಪುಡಿಯಾದರೆ ಹದ ಬಂದಿದೆ. ಇದೇ ಕಾರಣಕ್ಕೆ ಬಿಸಿ ಚೂರನ್ನು ಮಿಕ್ಸಿಗೆ ಹಾಕಿದರೆ ಪುಡಿಯಾಗದೆ ಅಂಟಾಗಿ ಬ್ಲೇಡಿನ ಸುತ್ತ ಕಟ್ಟಿಕೊಳ್ಳುತ್ತದೆ. ಹುರಿಯುವಾಗ ತುಪ್ಪ, ಬೆಣ್ಣೆ ಸೇರಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಅಂದಿನ ಪರಿಮಳಕ್ಕೆ ಚೆನ್ನ, ಆದರೆ ಡಬ್ಬಿಯಲ್ಲಿ ಕೆಲವು ವಾರ ಕಳೆದ ಮೇಲೆ ಕಮಟು ವಾಸನೆಗೆ ಅದೇ ಕಾರಣವಾಗುತ್ತದೆ.

ಹುರಿತ ಸರಿಯಾಗಿದ್ದೂ ಕಹಿ ಹೆಚ್ಚಾಗಿದ್ದರೆ ಬೇರಿನ ವಯಸ್ಸು ಮತ್ತು ಕಾಲವನ್ನು ವಿಚಾರಿಸಬೇಕು. ಈ ಗಿಡದ ತಾಯ್ನೆಲವಾದ ತಂಪು ದೇಶಗಳಲ್ಲಿ ಶರತ್ಕಾಲದ ಬೇರಿನಲ್ಲಿ ಇನುಲಿನ್ ಶೇಕಡಾ 40ರವರೆಗೆ ಇರುತ್ತದೆ, ವಸಂತದಲ್ಲಿ ಅದು ಶೇಕಡಾ 2ರ ಹತ್ತಿರಕ್ಕೆ ಇಳಿಯುತ್ತದೆ. ಗಿಡ ತನ್ನ ಉಗ್ರಾಣವನ್ನು ಹೊಸ ಎಲೆಗೂ ಹೂವಿಗೂ ಖರ್ಚು ಮಾಡಿರುತ್ತದೆ. ಸಕ್ಕರೆಯಾಗಬೇಕಾದ ವಸ್ತುವೇ ಇಲ್ಲದ ಬೇರನ್ನು ಎಷ್ಟು ಚೆನ್ನಾಗಿ ಹುರಿದರೂ ಸಿಹಿ ಹುಟ್ಟುವುದಿಲ್ಲ, ಕಹಿಯೊಂದೇ ಉಳಿಯುತ್ತದೆ. ನಮ್ಮಲ್ಲಿ ಆ ಋತುಗಳು ಅದೇ ರೀತಿ ಇಲ್ಲದಿದ್ದರೂ ನಿಯಮ ಒಂದೇ: ಗಿಡ ಹೂ ಬಿಡುತ್ತಿರುವಾಗ, ಹೊಸ ಎಲೆ ಚಿಗುರುತ್ತಿರುವಾಗ ಬೇರು ಅಗೆಯಬಾರದು, ಎರಡನೆಯ ವರ್ಷದ ದಪ್ಪ ಬೇರು ಮೊದಲ ವರ್ಷದ ಎಳೆ ಬೇರಿಗಿಂತ ಮೇಲು.

ಫಿಲ್ಟರ್ ಇಳಿಯದಿದ್ದರೆ, ಹಾಲು ಒಡೆದರೆ

ಕಾಫಿ ಫಿಲ್ಟರಿಗೆ ಈ ಪುಡಿಯನ್ನು ಹಾಕಿ ಬಿಸಿ ನೀರು ಹುಯ್ದರೆ ಕೆಲವು ಹನಿ ಇಳಿದು ನಿಂತುಹೋಗುವುದು ಸಾಮಾನ್ಯ. ಪುಡಿ ನೀರು ಹೀರಿ ಉಬ್ಬಿ ತೂತುಗಳನ್ನು ಮುಚ್ಚುತ್ತದೆ. ಚಿಕೋರಿ ಹೆಚ್ಚಾದ ಕಾಫಿ ಪುಡಿ ನಿಧಾನವಾಗಿ ಇಳಿಯುವುದೂ ಇದರಿಂದಲೇ. ಪುಡಿಯನ್ನು ರವೆಯಷ್ಟು ತರಿಯಾಗಿ ಮಾಡಿಕೊಂಡು, ಫಿಲ್ಟರ್ ಬಿಟ್ಟು, ಪಾತ್ರೆಯಲ್ಲಿ ಕುದಿಸಿ ಸೋಸುವುದೇ ಸರಿಯಾದ ಪರಿಹಾರ. ಕಷಾಯ ನೀರುನೀರಾಗಿದ್ದರೆ ಮೊದಲು ಕುದಿಸುವ ಹೊತ್ತನ್ನು, ಆಮೇಲೆ ಪುಡಿಯ ಪ್ರಮಾಣವನ್ನು ಹೆಚ್ಚಿಸಬೇಕು. ಬರೀ ಬಿಸಿ ನೀರಿನಲ್ಲಿ ಎರಡು ನಿಮಿಷ ನೆನೆಸಿದರೆ ಬಣ್ಣ ಬರುತ್ತದೆಯೇ ಹೊರತು ಸತ್ವ ಬಿಡುವುದಿಲ್ಲ. ಕಷಾಯ ಆರಿದ ಮೇಲೆ, ವಿಶೇಷವಾಗಿ ಫ್ರಿಜ್ಜಿನಲ್ಲಿಟ್ಟಾಗ, ಮಬ್ಬಾದರೆ ಅದು ಕೆಟ್ಟಿದ್ದಲ್ಲ. ಬಿಸಿ ನೀರಿನಲ್ಲಿ ಕರಗಿದ್ದ ಇನುಲಿನ್ ತಣ್ಣೀರಿನಲ್ಲಿ ಅಷ್ಟು ಕರಗದೆ ಬೇರ್ಪಟ್ಟಿರುತ್ತದೆ, ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದೆ. ಹುಳಿ ವಾಸನೆಯೊಂದಿಗೆ ಮಬ್ಬಾಗಿದ್ದರೆ ಮಾತ್ರ ಚೆಲ್ಲಬೇಕು.

ಹಾಲು ಒಡೆದಾಗ ಬೇರನ್ನು ದೂರುವ ಮೊದಲು ಬೆಲ್ಲವನ್ನು ನೋಡಬೇಕು. ಬೆಲ್ಲದ ಕಾಫಿಯನ್ನು ಹಾಲಿಲ್ಲದೆ ಕುಡಿಯುವ ನಮ್ಮ ಹಿರಿಯರ ಅಭ್ಯಾಸ ಈ ಕಷಾಯಕ್ಕೂ ಚೆನ್ನಾಗಿ ಹೊಂದುತ್ತದೆ, ನಾನು ಮೆಚ್ಚುವುದೂ ಅದನ್ನೇ. ಹಾಲು ಬೇಕೆನ್ನುವವರು ಒಲೆಯಿಂದ ಇಳಿಸಿ ತುಸು ಆರಿದ ಮೇಲೆ ಬೆಲ್ಲ ಹಾಕಬೇಕು. ಬೆಲ್ಲವೇ ಇಲ್ಲದೆ ಹಾಲು ಒಡೆದರೆ, ಮತ್ತು ಹಾಲು ತಾಜಾ ಆಗಿದ್ದರೆ, ಬೇರು ಹುದುಗಿರುವ ಸಂಭವವಿದೆ. ಮೇಲೆ ಹೇಳಿದ ಒಣಗಿಸುವ ಹಂತಕ್ಕೆ ಮರಳಬೇಕು. ಕುಡಿದ ಮೇಲೆ ಕಾಫಿಯ ಚುರುಕು ಬರಲಿಲ್ಲ ಎಂಬುದು ದೋಷವಲ್ಲ, ಈ ಬೇರಿನಲ್ಲಿ ಕೆಫೀನ್ ಇಲ್ಲ.

ಮೈಗೆ ಒಪ್ಪದಿದ್ದರೆ

ಹೊಟ್ಟೆ ಉಬ್ಬರಿಸಿ ಗಾಳಿ ತುಂಬಿದಂತಾದರೆ ಅದಕ್ಕೆ ಇನುಲಿನ್ ಕಾರಣವಿರಬಹುದು. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುತ್ತದೆ. ಚೆನ್ನಾಗಿ ಹುರಿದ ಬೇರಿನಲ್ಲಿ ಅದು ಕಡಿಮೆ ಉಳಿದಿರುವುದರಿಂದ ಹುರಿತವನ್ನು ಸರಿಪಡಿಸಿ, ಅರ್ಧ ಲೋಟದಿಂದ ಆರಂಭಿಸಬೇಕು. ಬಾಯಿ, ತುಟಿ ತುರಿಸಿದರೆ, ಮೈಯಲ್ಲಿ ದದ್ದು ಎದ್ದರೆ ಕೂಡಲೇ ನಿಲ್ಲಿಸಬೇಕು. ಸೇವಂತಿಗೆ, ಪಾರ್ಥೇನಿಯಂ ಮೊದಲಾದ ಇದೇ ಕುಟುಂಬದ ಗಿಡಗಳು ಆಗದವರಿಗೆ ಇದೂ ಆಗದಿರಬಹುದು. ಪಿತ್ತಕೋಶದಲ್ಲಿ ಕಲ್ಲು ಇರುವವರು, ಪಿತ್ತನಾಳ ಕಟ್ಟಿಕೊಂಡವರು ಇದನ್ನು ಕುಡಿಯಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಲಿಥಿಯಂ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಮಳೆಗಾಲದಲ್ಲಿ ಪುಡಿ ಗಟ್ಟಿಯಾದರೆ

ಉಪ್ಪಿನ ಡಬ್ಬಿಯೇ ನೀರು ಬಿಡುವ ಜುಲೈ ತಿಂಗಳಲ್ಲಿ ಈ ಪುಡಿ ಗಡ್ಡೆ ಕಟ್ಟದೆ ಉಳಿಯುವುದು ಕಷ್ಟ, ಏಕೆಂದರೆ ಹುರಿದಾಗ ಹುಟ್ಟಿದ ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಗಡ್ಡೆಯನ್ನು ಬೆರಳಿನಿಂದ ಒತ್ತಿದಾಗ ಉದುರಿ ಪುಡಿಯಾಗಿ, ವಾಸನೆ ಸರಿಯಾಗಿದ್ದರೆ ಕೆಟ್ಟಿಲ್ಲ. ಬಾಣಲೆಯಲ್ಲಿ ಬಹಳ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ, ಆ ವಾರದಲ್ಲೇ ಮುಗಿಸಬೇಕು. ಒತ್ತಿದಾಗ ಅಂಟಿದರೆ, ಅಥವಾ ಮುಗ್ಗಲು ವಾಸನೆ ಬಂದರೆ ಎಸೆಯಬೇಕು. ಇದು ಪದೇ ಪದೇ ಆಗುತ್ತಿದ್ದರೆ ಪುಡಿ ಮಾಡಿಡುವ ಕ್ರಮವನ್ನೇ ಬಿಟ್ಟು, ಹುರಿದ ಚೂರುಗಳನ್ನು ಪೂರ್ತಿ ಆರಿದ ಮೇಲೆ ಸಣ್ಣ ಸಣ್ಣ ಗಾಜಿನ ಶೀಶೆಗಳಲ್ಲಿ ತುಂಬಿ, ಅಗೆದ ತಿಂಗಳು ಮತ್ತು ಹುರಿದ ದಿನಾಂಕದ ಚೀಟಿ ಅಂಟಿಸಿ ಇಡಬೇಕು. ಒಂದು ಶೀಶೆ ಖಾಲಿಯಾದ ಮೇಲೆಯೇ ಇನ್ನೊಂದನ್ನು ತೆರೆದು, ಎರಡು ಮೂರು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಕೊಳ್ಳಬೇಕು. ಒದ್ದೆ ಚಮಚವನ್ನು, ಕುದಿಯುವ ಪಾತ್ರೆಯ ಹಬೆಗೆ ಹಿಡಿದ ಚಮಚವನ್ನೂ ಸೇರಿಸಿ, ಶೀಶೆಯೊಳಗೆ ಇಳಿಸಬಾರದು.